ಹಾಜಿರಾಳ ಬಾಯಿಗೆ ಬಾರದ ಪ್ರಶ್ನೆ

ಬ್ರೂಮ್‌ಹಿಲ್‌ನ ನನ್ನ ದಿನಸಿ ಅಂಗಡಿಗೆ ಶನಿವಾರ, ಭಾನುವಾರ ಕೆಲಸಕ್ಕೆ ಬರುವ ಹಾಜಿರಾ ಬೇಳೆ ಪೊಟ್ಟಣಗಳಿಗೆ ಬೆಲೆಚೀಟಿ ಅಂಟಿಸುತ್ತ ಔಷಧಿಗಳ ಹೆಸರು ಗೊಣಗುತ್ತಾಳೆ. ಹೆಸರುಗಳು ಸರಿಯಿರುತ್ತವೆ, ಚೀಟಿಗಳು ಸೊಟ್ಟ. ದಾವಣಗೆರೆಯಿಂದ ಚಿಕ್ಕವಳಿದ್ದಾಗಲೇ ವಿಲಾಯತಿಗೆ ಬಂದವಳು. ಅಪ್ಪ ಅಮ್ಮ ಸೊಲಿಹಲ್‌ನಲ್ಲಿದ್ದಾರೆ. ಇಲ್ಲಿ ಬಯೋಮೆಡಿಕಲ್ ಸೈನ್ಸ್ ಡಿಗ್ರಿಯ ಕೊನೆಯ ವರ್ಷ. ಅವಳಿಗೆ ಬೇಕಾಗಿರುವುದು ಮಾತ್ರ ಫಾರ್ಮಸಿ ಸೀಟು. ಕಳೆದ ವರ್ಷ ಸಂದರ್ಶನದಲ್ಲಿ ಫೇಲಾದಳು. ಈ ಸಲವೂ ಆಗದಿದ್ದರೆ ಆ ಆಸೆಯನ್ನೇ ಬಿಡುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ.

ಸಂದರ್ಶನದಲ್ಲಿ ಒಬ್ಬ ನಟನನ್ನು ರೋಗಿಯಾಗಿ ಕೂರಿಸಿರುತ್ತಾರೆ. ಮಂಡಿನೋವಿಗೆ ಮಾತ್ರೆ ಕೇಳಿದ ಆ ನರೆಗೂದಲಿನವನನ್ನು ಇವಳು ಎಲ್ಲ ವಿಚಾರಿಸಿದಳು. ಆ ಮಾತ್ರೆಗೂ ಮದ್ಯಕ್ಕೂ ಆಗಿಬರುವುದಿಲ್ಲ; ಆದರೂ ಕುಡಿಯುತ್ತೀರಾ ಎಂದು ಮಾತ್ರ ಕೇಳಲಿಲ್ಲ.

“ಮರೆತ್ಯಾ?” ಎಂದೆ.

“ಇಲ್ಲ ಅಂಕಲ್. ನಮ್ಮಜ್ಜನ ಥರಾನೇ ಇದ್ರು. ಹೇಗೆ ಕೇಳ್ಲಿ?”

ನನ್ನ ಗಿರಾಕಿಗಳು ಪುಕ್ಕಟೆ ಎಂದರೆ ರೋಗಿಯಾಗಲೂ ಸಿದ್ಧ. ನಾಗಭೂಷಣರು ಹೆಂಡತಿ ಸೀತಾಲಕ್ಷ್ಮಿಯವರೊಂದಿಗೆ ರವೆಗೆ ಬಂದಾಗ ವಿಷಯ ಹೇಳಿ, ಹಾಜಿರಾಳನ್ನು ಮುಂದೆ ತಳ್ಳಿದೆ. ನಾಗಭೂಷಣರು ತಕ್ಷಣ ರೋಗಿಯಂತೆ ಕುಂಟತೊಡಗಿದರು.

“ಅಂಕಲ್, ನೀವು... ಕುಡಿಯೋದು ಏನಾದ್ರೂ...”

“ಕಾಫಿ.”

“ಅದಲ್ಲ.”

“ಬೇಸಿಗೇಲಿ ಮಜ್ಜಿಗೆ.”

“ವಿಸ್ಕಿ, ಬಿಯರ್, ಅಂಥದ್ದು?” ನೆಲ ನೋಡುತ್ತ ಕೇಳಿದಳು.

“ಶಿವಶಿವಾ! ನಂಗೆ ವಾಸನೇನೇ ಆಗಲ್ಲ.”

ಸೀತಾಲಕ್ಷ್ಮಿ ರವೆ ಕೆಳಗಿಟ್ಟರು. “ಗರಾಜಲ್ಲಿ ಪೇಂಟ್ ಡಬ್ಬದ ಹಿಂದೆ ಇರೋದು ಯಾರ್ದು ಹಂಗಾದ್ರೆ? ಇಲಿಗಳದ್ದಾ?”

ನಾನು ನಕ್ಕೆ. ಹಾಜಿರಾಳಿಗೆ ನಗುವಷ್ಟು ತ್ರಾಣವಿರಲಿಲ್ಲ. “ಆಂಟಿ, ನೀವು ಸ್ವಲ್ಪ ಆ ಕಡೆ ಇರ್ತೀರಾ?” ಎಂದಳು. ಆಮೇಲೆ ನಾಗಭೂಷಣರ ಮುಖವನ್ನೇ ನೋಡಿ, “ವಾರಕ್ಕೆ ಎಷ್ಟು, ಅಂಕಲ್?” ಎಂದಳು. ಅವರು ಕುಂಟುವುದು ಬಿಟ್ಟು ಮೆಲ್ಲಗೆ ಹೇಳಿದರು. ನನಗೆ ಕೇಳಿಸಲಿಲ್ಲ ಎಂದರೆ ನೀವು ನಂಬುವುದಿಲ್ಲ.

ಮಾರ್ಚ್‌ನಲ್ಲಿ ಸಂದರ್ಶನ. ಈ ಸಲ ರೋಗಿ ಒಬ್ಬಳು ಅಜ್ಜಿ. ಕಿವಿ ಕೆಂಪಾದರೂ ಹಾಜಿರಾ ಆ ಪ್ರಶ್ನೆ ಕೇಳಿದಳಂತೆ. ಈಸ್ಟರ್ ಕಳೆದ ಮೇಲೆ ಒಂದು ಶನಿವಾರ, ಬಸ್ಸು ರದ್ದಾಯಿತು ಎನ್ನುವ ದನಿಯಲ್ಲಿ, “ಸೀಟು ಸಿಕ್ತು ಅಂಕಲ್” ಎಂದಳು.

“ಮತ್ತೇನು ಆ ಮುಖ?”

“ಮತ್ತೆ ಫಸ್ಟ್ ಇಯರಿಂದ. ನಾಲ್ಕು ವರ್ಷ.”

“ಬೇಡ ಅಂತ ಬರ್ದುಬಿಡೋಣ್ವಾ?”

“ಸುಮ್ನಿರಿ ಅಂಕಲ್. ನಾಳೆ ನಾನು ಬರಲ್ಲ. ನಿದ್ದೆ ಮಾಡ್ಬೇಕು.”

ಭಾನುವಾರದ ಪಾಳಿಪಟ್ಟಿಯಲ್ಲಿ ಅವಳ ಬದಲಿಗೆ ಯಾರೂ ಇರಲಿಲ್ಲ. “ಮಲ್ಕೋ ಹೋಗಮ್ಮ” ಎಂದು, ಅವಳ ಹೆಸರು ಹೊಡೆದುಹಾಕಿ ನನ್ನದನ್ನು ಬರೆದೆ.