ಹುರುಳಿಕಟ್ಟಿನ ನೂಡಲ್ಸ್

ಸೆನ್ಸೇ ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೆ ಹುಟ್ಟಿದ್ದೇ ಅಲ್ಲವೇನೋ ಎನ್ನುವಂತಿತ್ತು. ತುದಿ ಚಪ್ಪಟೆಯಾಗಿ ಹೊರಕ್ಕೆ ಬಾಗಿ, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕಡಲೆಬೀಜದಷ್ಟು ಹಿಟ್ಟಿನ ಚೂರನ್ನು ಹಲಗೆಯ ಮೇಲಿಟ್ಟು ಆ ಬೆರಳಿನಿಂದ ಒತ್ತಿ ಮುಂದಕ್ಕೆ ಜಾರಿಸಿದರೆ ಸಾಕು, ಅದು ಸುರುಳಿಗೊಂಡು ಪುಟ್ಟ ಬೆಕ್ಕಿನ ಕಿವಿಯಾಗಿ ಪಕ್ಕಕ್ಕೆ ಬೀಳುತ್ತಿತ್ತು. ಅವರ ಊರಲ್ಲಿ ಆ ನೂಡಲ್ಸ್‌ಗೆ ಹೆಸರೇ ಬೆಕ್ಕಿನ ಕಿವಿ. ನಮ್ಮ ಮುಖ ನೋಡಿ ಮಾತಾಡುತ್ತಲೇ, ಕೈಯತ್ತ ಒಮ್ಮೆಯೂ ಕಣ್ಣು ಹಾಯಿಸದೆ, ಒಂದು ಬೋಗುಣಿ ತುಂಬಿಸಿಬಿಡುತ್ತಿದ್ದರು.

ಅವರು ಚೀನಾದ ಶಾನ್ಸಿಯವರು. ಜಪಾನಿನವರನ್ನು ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಗ ಒಸಾಕಾದಲ್ಲಿದ್ದ. ಟೋಕಿಯೋ ಪಕ್ಕದಲ್ಲಿ ನಾವಿದ್ದ ವಾಕೋ ಊರಿನ ಸಮುದಾಯ ಭವನದ ಅಡುಗೆಕೋಣೆಯಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಚೀನೀ ನೂಡಲ್ಸ್ ಮಾಡುವುದನ್ನು ಹೇಳಿಕೊಡುತ್ತಿದ್ದರು. ಜಪಾನಿನಲ್ಲಿ ಕಲಿಸುವವರನ್ನೆಲ್ಲ ಸೆನ್ಸೇ ಎನ್ನುತ್ತಾರೆ. ನಾನೂ ಕೊನೆಯವರೆಗೆ ಹಾಗೆಯೇ ಕರೆದೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ್ದವಳು. ನಮ್ಮನೆಯವರಿಗೆ ವಾಕೋದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ ಬಂದ ಮೇಲೆ, ಮಗಳನ್ನು ಶಾಲೆಗೆ ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ಮಾತಾಡಲು ಮನುಷ್ಯರಿರಲಿಲ್ಲ. ಭವನದ ಬಾಗಿಲಲ್ಲಿ ಹಿಟ್ಟು ಎಳೆಯುವ ಕೈಗಳ ಚಿತ್ರ ನೋಡಿ ಒಳಗೆ ಹೋದೆ. ಐದು ಮಂದಿ ಜಪಾನೀ ಹೆಂಗಸರು, ನಿವೃತ್ತರಾದ ಗಂಡಸೊಬ್ಬರು, ಮತ್ತು ನಾನು.

ಮೊದಲ ದಿನವೇ ತೊಡಕಾಯಿತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮೂಳೆ ಕುದಿಯುತ್ತಿತ್ತು. ಮಾಂಸ ತಿನ್ನುವುದಿಲ್ಲವೆಂದು ಹರಕು ಜಪಾನಿಯಲ್ಲಿ ಹೇಳಿದೆ. ಉಳಿದವರು "ಹೌದಾ, ಮೀನೂ ಇಲ್ವಾ?" ಎಂದು ಮುಖ ಮುಖ ನೋಡಿಕೊಂಡರು. ಸೆನ್ಸೇ ಏನೂ ಕೇಳಲಿಲ್ಲ. ಬೇರೆ ಪಾತ್ರೆ ತೆಗೆದು ಎರಡು ಸಲ ತೊಳೆದರು, ಹೊಸ ನೀರಿಟ್ಟರು, ಎಲ್ಲರಿಗಿಂತ ಮೊದಲು ನನ್ನ ನೂಡಲ್ಸ್ ಬೇಯಿಸಿ, ಅವರ ಊರಿನ ಕಪ್ಪು ವಿನಿಗರ್, ಬೆಳ್ಳುಳ್ಳಿ, ಕಾದ ಎಣ್ಣೆಗೆ ಹಾಕಿದ ಖಾರದಪುಡಿ ಕಲಸಿ ಕೊಟ್ಟರು. ಮುಂದೆ ಎರಡೂವರೆ ವರ್ಷ, ನಾನು ಹೋದ ಒಂದು ಗುರುವಾರವೂ ತಪ್ಪದೆ, ಮೊದಲ ನೀರು ನನ್ನದೇ ಆಗಿತ್ತು.

ಕಲಿಸುವಾಗ ಅವರಿಗೆ ಕರುಣೆ ಇರುತ್ತಿರಲಿಲ್ಲ. ನನ್ನ ಹಿಟ್ಟನ್ನು ಬೆರಳಿನಿಂದ ಒಮ್ಮೆ ಚುಚ್ಚಿ "ಇದು ರೊಟ್ಟಿ" ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಚಾಕುವಿನಲ್ಲಿ ಹೆರೆಯುವ ನೂಡಲ್ಸ್‌ಗೆ ಕಲ್ಲಿನಂಥ ಹಿಟ್ಟು ಬೇಕು, ಅರ್ಧದಷ್ಟೂ ನೀರು ಹಾಕುವಂತಿಲ್ಲ. ಕೈಯಲ್ಲಿ ಎಳೆಯುವುದಕ್ಕೆ ಹೋಳಿಗೆಯ ಕಣಕದಂತೆ ಮೆತ್ತಗೆ ಜಗ್ಗಬೇಕು, ಉಪ್ಪಿನ ಜೊತೆಗೆ ಚೂರು ಕ್ಷಾರವೂ ಬೇಕು. ನಾದಿ, ಒದ್ದೆ ಬಟ್ಟೆ ಮುಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೆ ನಾದಬೇಕು. ಹೀಗೆ ಮೂರು ಸಲ. ನಾನು ಅವಸರ ಮಾಡಿದರೆ, "ಹಿಟ್ಟು ಮಲಗಿದೆ, ನೀನೂ ಕೂತ್ಕೋ" ಎನ್ನುತ್ತಿದ್ದರು. ಹೆರೆಯುವಾಗ ಹಿಟ್ಟಿನ ದಿಂಡನ್ನು ಎಡಗೈ ಮೇಲೆ ಮಗುವಿನಂತೆ ಮಲಗಿಸಿಕೊಂಡು, ತೆಳ್ಳನೆಯ ಬಾಗಿದ ತಗಡಿನ ಚಾಕುವಿನಿಂದ ಸರಸರನೆ ಕೆತ್ತುತ್ತಿದ್ದರು. ಎಲೆಯಾಕಾರದ ಪಟ್ಟಿಗಳು ಹಾರಿ ಕುದಿವ ನೀರಿಗೇ ಬೀಳುತ್ತಿದ್ದವು. ನಡು ದಪ್ಪ, ಅಂಚು ತೆಳು. ತಿಂದರೆ ಒಂದೇ ತುತ್ತಿನಲ್ಲಿ ಎರಡು ಹದ. ನನ್ನವು ಮೊದಲ ಆರು ತಿಂಗಳು ನೆಲಕ್ಕೆ ಬಿದ್ದದ್ದೇ ಹೆಚ್ಚು.

ಊರಿನ ತುಂಬ ಇರುವ ರಾಮೆನ್ ನೂಡಲ್ಸ್ ಅಂಗಡಿಗಳ ಬಗ್ಗೆ ಅವರಿಗೊಂದು ಮಾತಿತ್ತು: "ಅದು ನಮ್ಮ ಮನೆ ಮಗು. ಜಪಾನಿಗೆ ದತ್ತು ಕೊಟ್ವಿ. ಈಗ ಎದುರಿಗೆ ಸಿಕ್ಕಿದ್ರೂ ಗುರುತು ಹಿಡಿಯಲ್ಲ." ಹೀಗೆಂದು ನಗದೆ ನಮ್ಮನ್ನು ನಗಿಸುತ್ತಿದ್ದರು.

ಎಷ್ಟೋ ವಾರ ಬರಿಯ ವಿನಿಗರ್ ನೂಡಲ್ಸ್ ತಿಂದ ಮೇಲೆ, ಒಂದು ಚಳಿಯ ಗುರುವಾರ ನಾನು ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಹುರುಳಿಕಟ್ಟಿನ ಸಾರು ಒಯ್ದೆ. ನಮ್ಮಮ್ಮನ ಕೈಯ ಸಾರು ಅದು. ಹುರುಳಿ ಬೇಯಿಸಿ ಕಟ್ಟು ಬಸಿದು, ಈರುಳ್ಳಿಯನ್ನು ಸಿಪ್ಪೆ ಸಮೇತ ಉರಿಯಲ್ಲಿ ಕಪ್ಪಾಗುವವರೆಗೆ ಸುಟ್ಟು, ಮೆಣಸು, ಧನಿಯ, ಬೆಳ್ಳುಳ್ಳಿ, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ರುಬ್ಬಿ, ಹುಣಸೆಹುಳಿ ಬಿಟ್ಟು, ಕರಿಬೇವಿನ ಒಗ್ಗರಣೆ ಕೊಟ್ಟು ಕುದಿಸುವುದು. ಫೋನಿನಲ್ಲಿ ಅಮ್ಮ ಪ್ರತಿ ಸಲವೂ, "ಇವತ್ತೇ ತಿಂದು ಮುಗಿಸ್ಬೇಡ ಕಣೇ, ಕುದ್ದಷ್ಟೂ ರುಚಿ, ಮೂರನೇ ದಿನಕ್ಕೆ ನೋಡು" ಎನ್ನುತ್ತಿದ್ದರು. ಅದು ಮೂರನೇ ದಿನದ ಸಾರು.

ನನ್ನ ಬಟ್ಟಲಿಗೆ ಅದನ್ನು ಸುರಿದುಕೊಂಡದ್ದನ್ನು ಸೆನ್ಸೇ ನೋಡಿದರು. ಡಬ್ಬಿಯ ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಕುಡಿದರು. ಮತ್ತೆ ಬಗ್ಗಿಸಿಕೊಂಡರು.

"ಎಷ್ಟು ಹೊತ್ತು ಮೂಳೆ ಬೇಯಿಸಿದೆ?"

"ಮೂಳೆ ಇಲ್ಲ ಸೆನ್ಸೇ. ಕಾಳು."

"ಸುಳ್ಳು."

ಮುಂದಿನ ವಾರ ಅವರ ಮನೆಗೆ ಹುರುಳಿ ತೆಗೆದುಕೊಂಡು ಹೋಗಿ ಮಾಡಿ ತೋರಿಸಿದೆ. ಈರುಳ್ಳಿ ಸುಡುವಾಗ ಹೊಗೆಯ ಅಲಾರಂ ಕೂಗಿಕೊಂಡಿತು. ಇಬ್ಬರೂ ಕುರ್ಚಿ ಹತ್ತಿ ಟವೆಲ್ ಬೀಸಿದೆವು. ಅವತ್ತು ಅವರು ನನ್ನ ವಿದ್ಯಾರ್ಥಿಯಾಗಿದ್ದರು.

ಮರುವರ್ಷ ಅಮ್ಮ ತೀರಿಕೊಂಡರು. ಮುಂಜಾನೆ ಅಣ್ಣನ ಫೋನು ಬಂತು. ನಾನು ಮೈಸೂರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ವಾಪಸ್ ಬಂದವಳು ಅಡುಗೆಮನೆಯೊಳಗೆ ಹೋಗಲಾರದಾದೆ. ಮಗಳು, ನಮ್ಮನೆಯವರು ಮೂಲೆಯ ಕೊಂಬಿನಿ ಅಂಗಡಿಯಿಂದ ತಂದದ್ದನ್ನು ತಿನ್ನುತ್ತಿದ್ದರು. ಮೂರು ಗುರುವಾರ ತರಗತಿಗೆ ಹೋಗಲಿಲ್ಲ.

ನಾಲ್ಕನೆಯ ಗುರುವಾರ, ತರಗತಿ ಮುಗಿಸಿ ಸೆನ್ಸೇ ನಮ್ಮ ಮನೆಗೆ ಬಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಟ್ಟು, ಹಿಂದಿನ ದಿನವೇ ನೆನೆಹಾಕಿದ ಹುರುಳಿ. ಹುರುಳಿಗಾಗಿ ಒಂದು ಗಂಟೆ ರೈಲಿನಲ್ಲಿ ನಿಶಿಕಸಾಯಿಯ ಇಂಡಿಯನ್ ಅಂಗಡಿಗೆ ಹೋಗಿಬಂದಿದ್ದರು. ನನ್ನನ್ನು ಏನೂ ಕೇಳದೆ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ಈರುಳ್ಳಿಯ ವಾಸನೆ ನಾನು ಮಲಗಿದ್ದ ಕೋಣೆಗೆ ಬಂತು. ಎದ್ದು ಹೋಗಿ ನೋಡಿದರೆ, ಅಮ್ಮ ಮಾಡುತ್ತಿದ್ದಂತೆಯೇ ಇಕ್ಕುಳದಲ್ಲಿ ಈರುಳ್ಳಿ ಹಿಡಿದು ತಿರುವುತ್ತಿದ್ದರು. ಬಟ್ಟಲು ನನ್ನ ಮುಂದಿಟ್ಟು, "ತಿನ್ನು. ನಿನ್ನ ಅಮ್ಮನದು" ಎಂದರು.

ಅಮ್ಮ ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು, ಬಿಕ್ಕಿ ಅತ್ತದ್ದು ಎರಡೂ ಅವತ್ತೇ. ಸೆನ್ಸೇ ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಪಾತ್ರೆ ತೊಳೆದಿಟ್ಟು, "ಗುರುವಾರ ಬಾ" ಎಂದು ಹೋದರು.

ಅದೇ ವರ್ಷ ಸಣ್ಣ ಪ್ರಕಾಶಕರೊಬ್ಬರು ಅವರಿಂದ ನೂಡಲ್ಸ್ ಪುಸ್ತಕ ಬರೆಸಲು ಮುಂದೆ ಬಂದರು. ಸೆನ್ಸೇ ಅವರದು ಕೈಯಳತೆ. ಪುಸ್ತಕಕ್ಕೆ ಗ್ರಾಂ ಬೇಕು. ಅವರು ಹಿಟ್ಟು ಸುರಿಯುವ ಮುನ್ನ ನಾನು ಬೋಗುಣಿಯನ್ನು ತಕ್ಕಡಿಯ ಮೇಲಿಡುತ್ತಿದ್ದೆ. ನೀರು, ಉಪ್ಪು, ನಾದಿದ ಹೊತ್ತು, ಬೇಯಿಸಿದ ಹೊತ್ತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಬೆಕ್ಕಿನ ಕಿವಿ, ಹೆರೆದದ್ದು, ಎಳೆದದ್ದು, ಓಟ್ಸ್ ಹಿಟ್ಟಿನ ಸುರುಳಿಗಳ ಜೇನುಗೂಡು, ಹುಟ್ಟುಹಬ್ಬಕ್ಕೆ ಬಟ್ಟಲಿಗೆ ಒಂದೇ ಎಳೆ ಬರುವಂತೆ ಮಾಡುವ ನೂಡಲ್ಸ್. ಕಾಲೇಜಿನ ಲ್ಯಾಬ್ ಬಿಟ್ಟು ಬಂದ ಮೇಲೆ ನನ್ನ ಕೈಗೆ ಮೊದಲ ಸಲ ಕೆಲಸ ಸಿಕ್ಕಿತ್ತು. ಕೊನೆಗೆ ಸೆನ್ಸೇ, "ನಿನ್ನ ಸಾರನ್ನೂ ಬರೆದಿಡು. ನನಗೆ ಮರೆತುಹೋಗತ್ತೆ" ಎಂದರು. ಅಮ್ಮ ಹೇಳಿದಂತೆಯೇ, ಸುಟ್ಟ ಈರುಳ್ಳಿ ಸಮೇತ, ಕೊನೆಯ ಪುಟದಲ್ಲಿ ಬರೆದುಕೊಟ್ಟೆ.

ಪುಸ್ತಕದ ಬಿಡುಗಡೆ ಒಂದು ಭಾನುವಾರ ಅದೇ ಭವನದಲ್ಲಿ. "ನಿನ್ನ ಸಾರೂ ಇರಲಿ, ದೊಡ್ಡ ಪಾತ್ರೇಲಿ ಮಾಡು" ಎಂದಿದ್ದರು ಸೆನ್ಸೇ. ನಾನು ಮೂರು ದಿನ ಮೊದಲೇ ಶುರು ಮಾಡಿದೆ. ಅಮ್ಮ ಊರಿನ ಮದುವೆಗಳಿಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವರು. ಅವರ ಸಾರು ಜಪಾನಿನಲ್ಲಿ ಅರವತ್ತು ಜನರಿಗೆ ಬಡಿಸುವಂತಾಯಿತಲ್ಲ ಎಂದು ಹಿಗ್ಗಿದ್ದೆ. ರೇಷ್ಮೆ ಸೀರೆ ಉಟ್ಟು ಸೌಟು ಹಿಡಿದು ನಿಂತೆ.

ಸೆನ್ಸೇ ಮೈಕಿನ ಮುಂದೆ ಮಾತಾಡುತ್ತಿದ್ದರು. ಜನ ಬಟ್ಟಲು ಹಿಡಿದು ಬರುತ್ತಿದ್ದುದರಿಂದ ಅರ್ಧಂಬರ್ಧ ಕಿವಿಗೆ ಬೀಳುತ್ತಿತ್ತು. ಅಜ್ಜಿ, ಚಳಿ, ಬಡತನ ಎನ್ನುವ ಪದಗಳು ಕೇಳಿದವು. ಗೋಧಿಹಿಟ್ಟಿನ ಕಥೆ ಇರಬೇಕೆಂದುಕೊಂಡೆ. ನನ್ನ ಹತ್ತು ವರ್ಷದ ಮಗಳು ಪಕ್ಕದಲ್ಲಿ ಕೂತು ಪುಸ್ತಕ ತಿರುವುತ್ತಿದ್ದಳು. ಜಪಾನಿ ಓದುವುದರಲ್ಲಿ ನಮ್ಮ ಮನೆಗೆ ಅವಳೇ ದೊಡ್ಡವಳು. ನನ್ನ ಸೆರಗು ಎಳೆದಳು.

"ಅಮ್ಮಾ, ದಿಸ್ ಈಸ್ ಅಜ್ಜೀಸ್ ಸಾರು, ನೇ?"

"ಹೂಂ ಪುಟ್ಟ. ಬುಕ್ಕಲ್ಲಿ ಇದ್ಯಾ?"

"ಇದೆ. ಬಟ್ ಸೆನ್ಸೇ ನೋ ಒಬಾಚಾನ್ ಅಂತ ಬರ್ದಿದೆ. ಸೆನ್ಸೇದು ಅಜ್ಜಿ. ವೈ?"

ಅವಳು ಬೆರಳಿಟ್ಟು ಓದುತ್ತ ಹೋದಳು. ಶಾನ್ಸಿಯ ಹಳ್ಳಿಯಲ್ಲಿ ಅಜ್ಜಿ ಚಳಿಗಾಲದಲ್ಲಿ ಮಾಡುತ್ತಿದ್ದ ಕಪ್ಪು ಕಾಳಿನ ಸಾರು. ಮೂಳೆ ಕೊಳ್ಳಲು ಗತಿಯಿಲ್ಲದ ಅಜ್ಜಿ, ಈರುಳ್ಳಿಯನ್ನು ಸಿಪ್ಪೆ ಸಮೇತ ಸುಟ್ಟು ಆ ರುಚಿ ತರುತ್ತಿದ್ದಳು. ಮೂರನೇ ದಿನ ತಿಂದರೆ ಇನ್ನೂ ಚೆನ್ನ ಎಂದು ಅಜ್ಜಿ ಹೇಳುತ್ತಿದ್ದಳು. ಹುಣಸೆಹಣ್ಣಿನ ಜಾಗದಲ್ಲಿ ಕಪ್ಪು ವಿನಿಗರ್ ಬಂದಿತ್ತು, ಕರಿಬೇವಿನ ಜಾಗದಲ್ಲಿ ಈರುಳ್ಳಿ ಹೂ. ಉಳಿದ ಅಳತೆಯೆಲ್ಲ ನನ್ನ ನೋಟ್‌ಬುಕ್ಕಿನದು. ಪುಸ್ತಕದಲ್ಲಿ ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಕೇಳಿದೆ. ಮಗಳು ಮೊದಲ ಪುಟ, ಕೊನೆಯ ಪುಟ ಎರಡನ್ನೂ ನೋಡಿ ಇಲ್ಲವೆಂದು ತಲೆಯಾಡಿಸಿದಳು.

ಪಾತ್ರೆ ಖಾಲಿಯಾಗುವವರೆಗೆ ನಾನು ಬಡಿಸಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಮುದುಕಿ ಎರಡನೇ ಸಲ ಬಂದು, ಬಟ್ಟಲು ಒಡ್ಡಿ, "ಎಂಥಾ ಅಜ್ಜಿ ಇದ್ದಿರಬೇಕು, ಅಲ್ವಾ" ಎಂದರು. ನಾನು ಹೌದೆಂದೆ.

ಎಲ್ಲರೂ ಹೋದ ಮೇಲೆ ಅಡುಗೆಕೋಣೆಯಲ್ಲಿ ಸೆನ್ಸೇ ಪಾತ್ರೆ ಉಜ್ಜುತ್ತಿದ್ದರು. ಮಗಳನ್ನು ಹೊರಗೆ ಕೂರಿಸಿ ಬಂದೆ.

"ಸೆನ್ಸೇ, ಆ ಸಾರು ನಮ್ಮಮ್ಮಂದು."

ಅವರು ನಲ್ಲಿ ನಿಲ್ಲಿಸಲಿಲ್ಲ. "ಪುಸ್ತಕದವರು ಅಜ್ಜಿ ಕಥೆ ಒಂದು ಬೇಕೇ ಬೇಕು ಅಂದ್ರು. ಚೀನಾ ಪುಸ್ತಕದಲ್ಲಿ ಇಂಡಿಯಾ ಬಂದ್ರೆ ಓದೋರಿಗೆ ಗೊಂದಲ ಆಗತ್ತೆ ಅಂದ್ರು."

"ನಿಮ್ಮ ಅಜ್ಜಿದೇ ಏನಾದ್ರೂ ಬರೀಬಹುದಿತ್ತು."

"ನನ್ನ ಅಜ್ಜಿ ನನಗೆ ಏನೂ ಮಾಡಿಕೊಟ್ಟಿಲ್ಲ. ಹೊಡೀತಿದ್ಲು, ಅಷ್ಟೇ. ಅದನ್ನ ಬರೆಯೋಕಾಗತ್ತಾ?"

ನಾನು ಕೈಯಲ್ಲಿದ್ದ ಸೌಟನ್ನು ಒರೆಸಿಟ್ಟೆ. ಆಮೇಲೆ ಹೇಳಿದೆ, "ಅವತ್ತು ನಮ್ಮ ಮನೇಲಿ ನೀವೇ ಅಂದ್ರಿ, ನಿನ್ನ ಅಮ್ಮನದು ಅಂತ. ಗೊತ್ತಿದ್ದೂ ಮಾಡಿದ್ರಿ. ನನ್ನ ಕೈಯಲ್ಲೇ ಬಡಿಸಿದ್ರಿ. ಒಂದು ಮಾತು ಕೇಳಿದ್ದಿದ್ರೆ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅಂತಿರಲಿಲ್ಲ ಸೆನ್ಸೇ."

ಆಗ ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡರು. ಏನೋ ಹೇಳುತ್ತಾರೆಂದು ಕಾದೆ. "ಪಾತ್ರೆ ಒಣಗಿಲ್ಲ, ನಾಳೆ ಒಯ್ತೀಯಾ?" ಎಂದು ಕೇಳಿದರು. ನಾನು ಒದ್ದೆ ಪಾತ್ರೆಯನ್ನೇ ಎತ್ತಿಕೊಂಡು ಬಂದೆ.

ನಮ್ಮನೆಯವರು, "ಒಂದು ಸಾರು ತಾನೇ, ಬಿಡು" ಎಂದರು. ನನ್ನ ಮುಖ ನೋಡಿ ಮತ್ತೆ ಆ ಮಾತೆತ್ತಲಿಲ್ಲ. ಅವರಿಗೆ ಹೇಗೆ ತಿಳಿಸಲಿ? ಕದ್ದದ್ದು ಹೊರಗಿನವರಾಗಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ನನ್ನ ದುಃಖದ ಹೊತ್ತಿನಲ್ಲಿ ಆ ಸಾರನ್ನು ಕೈಯಾರೆ ಮಾಡಿ ಉಣಿಸಿದವರು ಇವರು. ಆ ದಿನದ ನೆನಪನ್ನೂ ಈಗ ಅನುಮಾನದಿಂದ ನೋಡಬೇಕಾಗಿತ್ತು. ನನಗಾಗಿ ಮಾಡಿದರೋ, ತಮ್ಮ ಕೈ ಪಳಗಲೆಂದು ಮಾಡಿದರೋ? ಇವತ್ತಿಗೂ ನನಗೆ ಗೊತ್ತಿಲ್ಲ. ನನಗಾಗಿಯೇ ಮಾಡಿದರೆಂದು ಹೆಚ್ಚಿನ ದಿನ ನಂಬುತ್ತೇನೆ. ಕೆಲವು ದಿನ ನಂಬುವುದಿಲ್ಲ.

ತರಗತಿಗೆ ಮತ್ತೆ ಹೋಗಲಿಲ್ಲ. ಅವರೂ ಕರೆಯಲಿಲ್ಲ. ಒಮ್ಮೆ ಸ್ಟೇಷನ್ನಿನಲ್ಲಿ ಎದುರಾದರು. ಅವರು ತಲೆ ಬಾಗಿಸಿದರು, ನಾನೂ ಬಾಗಿಸಿದೆ. ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಅವರು ಬಾಗಿಯೇ ಇದ್ದರು. ಅದು ಕ್ಷಮೆಯೋ ಏನೋ. ಜಪಾನಿನಲ್ಲಿ ಇಷ್ಟು ವರ್ಷ ಇದ್ದರೂ ಬಾಗುವುದರ ಅರ್ಥ ನನಗೆ ಪೂರ್ತಿ ತಿಳಿದಿಲ್ಲ. ರೈಲು ಬಂತು, ಹತ್ತಿದೆ.

ಕಳೆದ ವರ್ಷ ತರಗತಿಯ ಆ ನಿವೃತ್ತ ಗಂಡಸು ಕೊಂಬಿನಿಯಲ್ಲಿ ಸಿಕ್ಕಿದರು. ಸೆನ್ಸೇ ಒಸಾಕಾಕ್ಕೆ ಮಗನ ಮನೆಗೆ ಹೋಗಿದ್ದರಂತೆ, ಚಳಿಗಾಲದಲ್ಲಿ ಅಲ್ಲಿಯೇ ತೀರಿಕೊಂಡರಂತೆ. "ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ. ನಿಮ್ಮ ಮೇಲೆ ತುಂಬ ಪ್ರೀತಿ ಇತ್ತಲ್ಲ ಅವರಿಗೆ" ಎಂದರು. ಹಾಲಿನ ಡಬ್ಬ ಹಿಡಿದು ನಿಂತಿದ್ದ ನನಗೆ ಮೊದಲು ಬಂದದ್ದು ಸಿಟ್ಟು. ಒಂದು ಮಾತು ಹೇಳದೆ ಹೋಗಿಬಿಟ್ಟರಲ್ಲ ಎಂದು. ಮನೆಗೆ ಬಂದ ಮೇಲೆ ಅಳು ಬಂತು.

ಈ ಯುಗಾದಿಗೆ ಟೋಕಿಯೋದ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಬೇಕಿತ್ತು. ನಾನು ಅಲ್ಲಿಯೇ ಒಲೆಯ ಮುಂದೆ ನಿಂತು, ಹಿಟ್ಟಿನ ದಿಂಡು ಎಡಗೈ ಮೇಲಿಟ್ಟುಕೊಂಡು ನೂಡಲ್ಸ್ ಹೆರೆದು, ಹುರುಳಿಕಟ್ಟಿನಲ್ಲಿ ಹಾಕಿಕೊಟ್ಟೆ. ಮಕ್ಕಳು ಸುತ್ತ ನಿಂತು ನೋಡಿದವು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಎರಡು ಬಟ್ಟಲು ತಿಂದಳು.

"ಆಂಟಿ, ಕಟ್ಟು ಯಾರ ರೆಸಿಪಿ?"

"ನಮ್ಮಮ್ಮಂದು."

"ಈ ಕಟಿಂಗ್? ಇದನ್ನ ಯಾರು ಹೇಳ್ಕೊಟ್ರು?"

ನಾನೇ ಕಲಿತೆ ಎನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. ವಿಡಿಯೋ ನೋಡಿ ಎಂದರೂ ನಂಬುತ್ತಿದ್ದಳು. ಕೈಯಲ್ಲಿ ಇನ್ನೂ ಅರ್ಧ ದಿಂಡು ಉಳಿದಿತ್ತು.

"ಒಬ್ಬರು ಸೆನ್ಸೇ ಇದ್ರು. ಚೀನಾದವರು."

"ಹೌದಾ? ನಾನೂ ಕಲೀಬಹುದಾ ಅವರ ಹತ್ರ?"

"ಇಲ್ಲ, ತೀರ್ಕೊಂಡ್ರು."

"ಅಯ್ಯೋ." ಬಟ್ಟಲು ಕೆಳಗಿಟ್ಟು ಕೇಳಿದಳು, "ಒಳ್ಳೆಯವರಾ ಆಂಟಿ?"

ನಾನು ಚಾಕು ಒರೆಸಿಕೊಂಡೆ.

"ತುಂಬಾ ಚೆನ್ನಾಗಿ ಕಲಿಸ್ತಿದ್ರು" ಎಂದೆ.