ಕೆಂಚಕ್ಕನ ಒಪ್ಪತ್ತು

ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೆಂಚಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೋರಲು ಹಾಕಿದ ತೆಪ್ಪದ ಸುತ್ತ ಬಗ್ಗಿ ನಡೆಯುತ್ತಿದ್ದಾರೆ. ಬಿದಿರಿನ ಹೆಣಿಗೆಯ ಮೇಲೆ ಹೊದಿಸಿ ಡಾಂಬರು ಬಳಿದ ಗೋಣಿತಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಎಲ್ಲಾದರೂ ಬಿರುಕು ಕಂಡರೆ ಡಾಂಬರಿನ ಉಂಡೆ ಹಿಸುಕಿ ಮೆತ್ತುತ್ತಾರೆ. ಇದು ದಿನವೂ ಇದ್ದದ್ದೇ. ಇವತ್ತು ಮಾತ್ರ ನೋಡಿದ ಜಾಗವನ್ನೇ ಮತ್ತೆ ನೋಡುತ್ತಿದ್ದಾರೆ, ಮೆತ್ತಿದ ಕಡೆಯೇ ಮತ್ತೆ ಮೆತ್ತುತ್ತಿದ್ದಾರೆ.

ಕಾರಣ ಇದೆ. ಅಣೆಕಟ್ಟೆಗೆ ಹೊಸದಾಗಿ ಬಂದಿರುವ ಎಂಜಿನಿಯರು ಇವತ್ತು ಈ ತೆಪ್ಪದಲ್ಲಿ ಕೂರಲಿದ್ದಾರೆ. ಅಣೆಕಟ್ಟು ನೋಡಲು ಬಂದವರನ್ನು ಹಿನ್ನೀರಿನ ನಡುವೆ ಇರುವ ಕುರಿಗುಡ್ಡೆಗೆ ಕರೆದೊಯ್ದು ತೋರಿಸಿ ತರುವುದು ಕೆಂಚಕ್ಕನ ಕಸುಬು. ಯುಗಾದಿ ಆದಮೇಲೆ ಎಂಜಿನಿಯರು ಅದನ್ನು ನಿಲ್ಲಿಸಿದ್ದಾರೆ. ಮುಂದೆ ಬಿಡಬೇಕೋ ಬೇಡವೋ ಎಂಬುದನ್ನು ತಾವೇ ಕೂತು, ಹೋಗಿ ಬಂದು ಹೇಳುತ್ತಾರಂತೆ.

ಕೆಂಚಕ್ಕ ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆ. ಮೊಣಕಾಲು ಮುಳುಗುವಷ್ಟು ನೀರನ್ನು ಒಟ್ಟಿಗೆ ಕಂಡಿದ್ದು ಮದುವೆಯಾಗಿ ಹಿರಿಯೂರು ಸೀಮೆಗೆ ಬಂದಮೇಲೆ. ಗಂಡ ಎತ್ತಪ್ಪ ಇಲ್ಲಿ ಮೀನು ಹಿಡಿಯುವವರು. ರಾತ್ರಿಯೆಲ್ಲ ಬಲೆ ಕಾಯ್ದು ಬೆಳಗಾದರೆ ಮಲಗುತ್ತಾರೆ. ಅಣೆಕಟ್ಟು ನೋಡಲು ಬಂದವರು ದಂಡೆಯಲ್ಲಿ ನಿಂತು, "ಯಾರ್ರೀ ತೆಪ್ಪದೋರು, ಆ ಗುಡ್ಡೆಗೆ ಬಿಡ್ತೀರಾ?" ಎಂದು ಕೂಗುವುದು ಅದೇ ಹೊತ್ತಿಗೆ. ಒಂದು ಸಲ ಹೊಸದುರ್ಗದ ಮೇಷ್ಟ್ರೊಬ್ಬರು ಕೂಗಿ ಕೂಗಿ, ಕೊನೆಗೆ ಗುಡಿಸಲ ಮುಂದೆಯೇ ಬಂದು ಕೂತುಬಿಟ್ಟರು. ಗಂಡನನ್ನು ಎಬ್ಬಿಸಲು ಮನಸ್ಸು ಬಾರದೆ ಕೆಂಚಕ್ಕನೇ ಹುಟ್ಟು ಹಿಡಿದರು. ಅಲ್ಲಿಯವರೆಗೆ ದಂಡೆ ಬಿಟ್ಟು ದೂರ ಹೋದವರೇ ಅಲ್ಲ.

"ತೆಪ್ಪ ಮುಂದಕ್ಕೆ ಹೋಗ್ಲೇ ಇಲ್ಲ. ಗಿರಗಿರ ಸುತ್ತಾಕೆ ಹತ್ತಿತು," ಎಂದು ಕೆಂಚಕ್ಕ ನಗುತ್ತಾರೆ. "ಪಾಪ, ಆ ಮೇಷ್ಟ್ರು ಇದೇ ಪದ್ಧತಿ ಇರಬೇಕು ಅಂದ್ಕಂಡ್ರು. ಭಾಳ ಚೆನ್ನಾಗಿ ಎಲ್ಲಾ ಕಡೆ ತೋರಿಸಿದ್ರಿ ಅಂತ ಕೈ ಮುಗಿದು ಹೋದ್ರು."

ಆ ಸುತ್ತಾಟ ಈಗ ಅವರ ಕಸುಬಿನ ಒಂದು ಭಾಗವೇ ಆಗಿದೆ. ದಂಡೆ ಬಿಟ್ಟು ಸ್ವಲ್ಪ ದೂರ ಹೋದಮೇಲೆ ಬೇಕೆಂದೇ ತೆಪ್ಪವನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸುತ್ತಾರೆ. ಕೂತವರಿಗೆ ಕತ್ತು ಹೊರಳಿಸುವ ಗೊಡವೆಯಿಲ್ಲ. ಅಣೆಕಟ್ಟಿನ ಮೇಲಿನ ಮಂಟಪಗಳು, ನೀರಿನಲ್ಲಿ ಅವುಗಳ ನೆರಳು, ಆಚೆ ಕಡೆಯ ಗುಡ್ಡಸಾಲು, ಕುರಿಗುಡ್ಡೆ, ಎಲ್ಲವೂ ಒಂದರ ಹಿಂದೆ ಒಂದು ತಾವಾಗಿಯೇ ಕಣ್ಣ ಮುಂದೆ ಬರುತ್ತವೆ.

ಕೆಲಸ ನೋಡಿದಷ್ಟು ಹಗುರವಲ್ಲ. ತೆಪ್ಪ ಹಳತಾದಷ್ಟೂ ಡಾಂಬರು ಕುಡಿದು ಭಾರವಾಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದನ್ನು ತಲೆಯ ಮೇಲೆ ಹೊತ್ತು ಕೆಸರು ದಾಟಬೇಕು. ಎಪ್ಪತ್ತೆರಡನೇ ಇಸವಿಯಲ್ಲಿ ನೀರು ಎಷ್ಟು ಇಳಿಯಿತೆಂದರೆ ಜನ ಕುರಿ ಹೊಡೆದುಕೊಂಡು ನಡೆದೇ ಗುಡ್ಡೆಗೆ ಹೋದರು. ತೆಪ್ಪ ಕೇಳುವವರೇ ಇಲ್ಲದೆ ಕೆಂಚಕ್ಕ ಧರ್ಮಪುರದ ಕಡೆ ಕಡಲೆಕಾಯಿ ಕೀಳಲು ಹೋದರು. ನೀರು ತುಂಬಿದ ಕಾಲದಲ್ಲೂ ಎಲ್ಲರೂ ಕೂರುತ್ತಿರಲಿಲ್ಲ. "ಹೆಂಗಸಿನ ತೆಪ್ಪಾನಾ?" ಎಂದು ಹೆಜ್ಜೆ ಹಿಂದಿಟ್ಟವರನ್ನು ಅವರು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹಾಗೆ ಹಿಂದೆ ಸರಿದವರೇ ಬಂದು ಕೂತದ್ದೂ ಉಂಟು.

ಜೀಪು ಬಂದು ನಿಲ್ಲುತ್ತದೆ. ಎಂಜಿನಿಯರು ಇಳಿಯುತ್ತಾರೆ, ಹಿಂದೆಯೇ ಅವರ ಹೆಂಡತಿ, ಕೈಯಲ್ಲಿ ಟಿಫಿನ್ ಕ್ಯಾರಿಯರ್. ನಮಸ್ಕಾರ ಆದ ಕೂಡಲೇ ಕೆಂಚಕ್ಕ ಕೇಳುತ್ತಾರೆ:

"ಸಾಹೇಬ್ರೇ, ನಿಮ್ದು ಊಟದ ಒಪ್ಪತ್ತೋ, ತೆಪ್ಪದ ಒಪ್ಪತ್ತೋ?"

ಎಂಜಿನಿಯರು ಹೆಂಡತಿಯ ಮುಖ ನೋಡುತ್ತಾರೆ. "ಅಮ್ಮಾರು ಏನಾನ ಉಪವಾಸ ಅದಾರಾ ಅಂತ ಕೇಳ್ದೆ ಅಷ್ಟೇ," ಎಂದು ಕೆಂಚಕ್ಕ ಬಿಡಿಸಿ ಹೇಳುತ್ತಾರೆ.

"ಇಲ್ಲಮ್ಮ, ಕ್ಯಾರಿಯರ್ ತುಂಬ ಇಡ್ಲಿ ಇದೆ," ಎನ್ನುತ್ತಾರೆ ಆಕೆ.

"ಹಂಗಾರೆ ಸರಿ. ಮಧ್ಯಾಹ್ನಕ್ಕೆ ಮುಂಚೆ ದಂಡೆಗೆ ಬಂದುಬಿಡಾಣ. ಬರ್ರಿ, ಕುಂತ್ಕಳ್ರಿ. ಸಾಹೇಬ್ರು ಆ ಕಡೆ, ಅಮ್ಮಾರು ಈ ಕಡೆ. ಅಮ್ಮಾರ ಕಡೆ ತೂಕ ಕಡಿಮೆ ಐತೆ, ಕ್ಯಾರಿಯರ್ ಅವರ ತಾವೇ ಇರ್ಲಿ."

ಈ ಪ್ರಶ್ನೆಯನ್ನು ಕೆಂಚಕ್ಕ ಯಾರನ್ನೂ ಕೇಳದೆ ಬಿಡುವುದಿಲ್ಲ. ಅದರ ಹಿಂದಿನ ಕತೆಯನ್ನು ದಂಡೆಯಲ್ಲಿ ಉಳಿದ ಎತ್ತಪ್ಪ ಹೇಳುತ್ತಾರೆ. ಎಂಜಿನಿಯರು ತೆಪ್ಪ ನಿಲ್ಲಿಸಲು ಕಾರಣವೂ ಅದೇ ಕತೆ.

ಹೋದ ವರ್ಷ ಆಷಾಢದ ಒಂದು ಸೋಮವಾರ ಧರ್ಮಪುರದ ಕಡೆಯಿಂದ ಕುರಿ ಸಾಕುವ ಮನೆತನದ ಹುಚ್ಚಕ್ಕ ಎಂಬ ಮುದುಕಿ ಬಂದರು, ಜೊತೆಗೆ ಮಗ ಜುಂಜಯ್ಯ. ಕುರಿಗುಡ್ಡೆಯ ಮೇಲೆ ಅವರ ಹಿರಿಯರು ನಡೆದುಕೊಳ್ಳುತ್ತಿದ್ದ ದೇವರ ಕಲ್ಲಿದೆ. ತೆಪ್ಪ ಹತ್ತುವಾಗ ಮುದುಕಿ, "ಇವತ್ತು ನಮ್ದು ಒಪ್ಪತ್ತು ಕಣವ್ವ," ಎಂದರು. ಕೆಂಚಕ್ಕ, "ಆಯ್ತು ಬರ್ರಿ," ಎಂದರು. ಅವರಿಗೆ ಒಪ್ಪತ್ತು ಎಂದರೆ ಅರ್ಧ ದಿನದ ಬಾಡಿಗೆ. ಗಾಳಿಗಾಲದಲ್ಲಿ ಮಧ್ಯಾಹ್ನ ಕಳೆದರೆ ಪಡುವಲ ಗಾಳಿ ಎದ್ದು ಅಲೆ ಏಳುತ್ತದೆ, ಅದಕ್ಕೇ ಅವರು ಒಪ್ಪತ್ತಿಗಿಂತ ಹೆಚ್ಚಿಗೆ ಯಾರಿಗೂ ತೆಪ್ಪ ಬಿಡುವುದಿಲ್ಲ. ಮುದುಕಿಗಾದರೋ ಒಪ್ಪತ್ತು ಎಂದರೆ ಒಂದೇ ಹೊತ್ತಿನ ಊಟದ ವ್ರತ.

"ಮಧ್ಯಾಹ್ನಕ್ಕೆ ಇವಳು ಮ್ಯಾಲೆ ಹೋಗಿ, ಹೋಗಾಣ ನಡೀರಿ ಅಂದ್ರೆ, ಅವರು ಇನ್ನೂ ಒಲೆಗೆ ಕಲ್ಲೇ ಹೂಡಿಲ್ಲ!" ಎನ್ನುತ್ತಾರೆ ಎತ್ತಪ್ಪ. "ಹೊತ್ತು ಇಳಿದ ಮ್ಯಾಲೆ ಪೂಜೆ, ಆಮ್ಯಾಕೆ ಊಟ ಅಂದ್ರಂತೆ. ಒಪ್ಪತ್ತು ಅಂದಿದ್ರಲ್ಲ ಅಂತ ಇವಳು. ಒಪ್ಪತ್ತೇ ಕಣವ್ವ, ಬೆಳಿಗ್ಗಿಂದ ಬಾಯಿಗೆ ಏನೂ ಹಾಕಿಲ್ಲ ಅಂತ ಆ ಅಜ್ಜಿ. ಇಬ್ಬರದೂ ಸರಿ. ಹಸಕಂಡು ಕುಂತ ಮುದುಕೀನ ಎಬ್ಬಿಸಾಕೆ ಇವಳಿಗೆ ಮನಸ್ಸು ಬರ್ಲಿಲ್ಲ. ಕಾದ್ಲು."

ಸಂಜೆ ಹೊರಟಾಗ ಗಾಳಿ ಎದ್ದಿತ್ತು. ನಡುನೀರಿನಲ್ಲಿ ತೆಪ್ಪ ಸುತ್ತತೊಡಗಿತು, ಅಲೆ ಒಳಕ್ಕೆ ಬಿತ್ತು. ಮುದುಕಿಯ ಹಿತ್ತಾಳೆ ಪಾತ್ರೆ ನೀರುಪಾಲಾಯಿತು. ಎತ್ತಪ್ಪ ಇನ್ನೊಬ್ಬರ ತೆಪ್ಪದಲ್ಲಿ ಹಗ್ಗ ತೆಗೆದುಕೊಂಡು ಹೋಗಿ ಕಟ್ಟಿ ಎಳೆದು ತಂದರು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಸುದ್ದಿ ಹಿರಿಯೂರಿನ ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಮೂವರೂ ಮುಳುಗಿ ಸತ್ತಾಗಿತ್ತು. ಹೊಸ ಎಂಜಿನಿಯರು ಬಂದಾಗ ಅವರ ಕಿವಿಗೆ ಬಿದ್ದದ್ದು ಆ ಸುದ್ದಿಯೇ. ನೀರಿನ ಮೇಲಿನ ಜೀವಗಳಿಗೆ ತಾವು ಹೊಣೆ ಎಂದು ಅವರು ತೆಪ್ಪ ನಿಲ್ಲಿಸಿದ್ದರಲ್ಲಿ ತಪ್ಪೇನೂ ಇಲ್ಲ, ಕೆಂಚಕ್ಕನೂ ಅದನ್ನು ತಪ್ಪೆಂದು ಹೇಳುವುದಿಲ್ಲ. ಆದರೆ ಮನೆಯಲ್ಲಿ ಕೂತು ದಿನ ದೂಡುವುದು ಅವರಿಗೆ ಆಗುತ್ತಿಲ್ಲ. ಹುಟ್ಟು ಹಿಡಿಯದ ಕೈ ಜೋಮು ಹಿಡಿಯುತ್ತದೆ ಎನ್ನುತ್ತಾರೆ.

ಗುಡ್ಡೆಯಲ್ಲಿ ಇಳಿದಮೇಲೆ ಕೆಂಚಕ್ಕ ಮುಂದೆ, ದಂಪತಿಗಳು ಹಿಂದೆ. ನೀರು ತುಂಬುವ ಮುಂಚೆ ಕುರಿ ಕೂಡುತ್ತಿದ್ದ ರೊಪ್ಪದ ಕಲ್ಲುಗೋಡೆ ಅರ್ಧ ಮೇಲಿದೆ, ಅರ್ಧ ನೀರೊಳಗಿದೆ. ಮುರುಟಿದ ಹುಣಸೆಮರದ ಕೆಳಗೆ ದೇವರ ಕಲ್ಲು. ಅಲ್ಲಿ ಚಪ್ಪಲಿ ಬಿಡಿಸುತ್ತಾರೆ. ಒಂದು ಬಂಡೆಯ ಮುಂದೆ ನಿಲ್ಲಿಸಿ, "ನಿಮ್ಮ ಹೆಸರು ಕೂಗ್ರಿ ಸಾಹೇಬ್ರೇ, ವಾಪಸ್ ಕೊಡ್ತೈತೆ," ಎನ್ನುತ್ತಾರೆ. ಎಂಜಿನಿಯರಿಗೆ ಸಂಕೋಚ. ಹೆಂಡತಿ ತಾವೇ ಗಂಡನ ಹೆಸರು ಹಿಡಿದು ಕೂಗುತ್ತಾರೆ, ಬಂಡೆ ಅದನ್ನು ಎರಡೆರಡು ಸಲ ಹೇಳುತ್ತದೆ. ಮೂವರೂ ನಗುತ್ತಾರೆ.

"ಇಲ್ಲಿ ಪಾಳೇಗಾರರ ಹೊನ್ನು ಹೂತಿದೆಯಂತೆ, ಹೌದಾ?" ಎಂದು ಎಂಜಿನಿಯರು ಕೇಳುತ್ತಾರೆ.

"ಬ್ಯಾರೆಯೋರು ಐತೆ ಅಂತಾರೆ. ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ರೆ ಈ ಡಾಂಬರು ಯಾಕೆ ಮೆತ್ತತಿದ್ದೆ?"

ಎಂಜಿನಿಯರ ಹುಬ್ಬು ಸಡಿಲವಾಗಿದೆ. ಗುಡ್ಡೆಯ ನೆತ್ತಿಗೆ ಹತ್ತಿದರೆ ಹಿನ್ನೀರು ಕೊನೆಯವರೆಗೂ ಕಾಣುತ್ತದೆ, ಅಲ್ಲೇ ಕೂತು ಇಡ್ಲಿ ತಿನ್ನೋಣ ಎಂದು ದಂಪತಿಗಳು ಕಾಲುದಾರಿ ಹಿಡಿಯುತ್ತಾರೆ. ಕೆಂಚಕ್ಕ ಮಾತ್ರ ನಿಂತಲ್ಲೇ ನಿಂತಿದ್ದಾರೆ. ಪಡುವಣ ದಿಕ್ಕಿನ ಗುಡ್ಡಸಾಲಿನ ಬುಡದಲ್ಲಿ ಕೆಂಪು ಧೂಳು ಎದ್ದಂತೆ ಅವರಿಗೆ ಕಾಣುತ್ತದೆ. ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ.

"ಸಾಹೇಬ್ರೇ, ಮ್ಯಾಲೆ ಬ್ಯಾಡ. ಗಾಳಿ ಬರಂಗೈತೆ. ಹೋಗಾಣ ಬರ್ರಿ."

ಎಂಜಿನಿಯರು ತಿರುಗಿ ನೋಡುತ್ತಾರೆ. ಹುಣಸೆಮರದ ಒಂದು ಎಲೆಯೂ ಅಲುಗುತ್ತಿಲ್ಲ. "ಎಲ್ಲಿದೆ ಗಾಳಿ? ನಾನು ಬಂದಿರೋದೇ ಎಲ್ಲಾ ನೋಡೋಕೆ. ಅರ್ಧಕ್ಕೇ ವಾಪಸ್ ನಡೀರಿ ಅಂದ್ರೆ ನಿನ್ನ ತೆಪ್ಪದ ವಿಷಯ ನಾನು ಏನಂತ ಹೇಳಲಿ?"

ಕೆಂಚಕ್ಕ ಮತ್ತೆ ಪಡುವಣ ಕಡೆ ನೋಡುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಇವರು ಖುಷಿಯಾಗಿ ಇಡ್ಲಿ ತಿಂದು ಇಳಿಯುತ್ತಾರೆ. ಖುಷಿಯಾದವರು ತೆಪ್ಪ ಬಿಡಲಿ ಎನ್ನುತ್ತಾರೆ. ಧೂಳು ಎದ್ದದ್ದು ಯಾವುದೋ ಲಾರಿಯದೂ ಇರಬಹುದು. ಇಷ್ಟೂ ಅವರ ತಲೆಯಲ್ಲಿ ಹಾದುಹೋಗುತ್ತದೆ. ಆದರೆ ಹೋದ ವರ್ಷ ಹಸಿದ ಮುದುಕಿಯ ಮುಖ ನೋಡಿ ಸುಮ್ಮನಿದ್ದದ್ದೂ ಹೀಗೆಯೇ. ಕೆಳಗಿಟ್ಟಿದ್ದ ಹುಟ್ಟನ್ನು ಎತ್ತಿಕೊಳ್ಳುತ್ತಾರೆ.

"ಸಿಟ್ಟು ಬಂದ್ರೆ ಬರ್ಲಿ ಸಾಹೇಬ್ರೇ. ತೆಪ್ಪ ಈಗ ಹೊರಡ್ತೈತೆ. ಇಡ್ಲಿ ದಂಡೇಲಿ ತಿನ್ನೀರಂತೆ."

ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ ಕ್ಯಾರಿಯರ್ ಎತ್ತಿಕೊಂಡು ಇಳಿಯತೊಡಗುತ್ತಾರೆ. ಎಂಜಿನಿಯರು ಮುಖ ಗಂಟಿಕ್ಕಿಕೊಂಡು ಹಿಂದೆಯೇ ಬರುತ್ತಾರೆ. ವಾಪಸ್ ದಾರಿಯುದ್ದಕ್ಕೂ ಕೆಂಚಕ್ಕ ಹಿಂತಿರುಗಿ ನೋಡದೆ, ಎಂದಿಗಿಂತ ಬಿರುಸಾಗಿ ಹುಟ್ಟು ಹಾಕುತ್ತಾರೆ.

ಗಾಳಿ ಬರಲಿಲ್ಲ.

ದಂಡೆಯ ಹೊಂಗೆಮರದ ಕೆಳಗೆ ಎಂಜಿನಿಯರು ಇಡ್ಲಿ ತಿನ್ನುತ್ತಾರೆ, ತಿನ್ನುತ್ತಲೇ ಆಗಾಗ ನೀರಿನ ಕಡೆ ನೋಡುತ್ತಾರೆ. ನೀರು ಹಾಸಿದ ಬಟ್ಟೆಯ ಹಾಗೆ ಬಿದ್ದಿದೆ. ಹೊತ್ತು ನೆತ್ತಿಗೆ ಬಂದು ಪಡುವಣಕ್ಕೆ ವಾಲುತ್ತದೆ. ಹೊಂಗೆಯ ಒಣಗಿದ ಎಲೆ ಕೂಡ ಬಿದ್ದಲ್ಲಿಂದ ಕದಲುವುದಿಲ್ಲ. ನಿದ್ದೆಗೆಟ್ಟ ಎತ್ತಪ್ಪ ತಲೆ ತಗ್ಗಿಸಿಕೊಂಡು ಬಲೆಯ ಗಂಟು ಬಿಡಿಸುತ್ತ ಕೂತಿದ್ದಾರೆ.

"ಏನಮ್ಮ, ಎಲ್ಲಿ ನಿನ್ನ ಗಾಳಿ?"

"ಬರ್ಲಿಲ್ಲ ಸಾಹೇಬ್ರೇ," ಎನ್ನುತ್ತಾರೆ ಕೆಂಚಕ್ಕ. ಅದಕ್ಕೆ ನೆಪ ಸೇರಿಸುವುದಿಲ್ಲ, ತಪ್ಪಾಯಿತು ಎಂದೂ ಹೇಳುವುದಿಲ್ಲ.

"ನಾಳೆಯೂ ಹೀಗೇ ಧೂಳು ಕಂಡರೆ?"

"ನಾಳೇನೂ ಕರ್ಕಂಡು ಬರ್ತೀನಿ."

ಎಂಜಿನಿಯರು ಕೈ ತೊಳೆದು, ಕರವಸ್ತ್ರದಲ್ಲಿ ಬಹಳ ಹೊತ್ತು ಒರೆಸಿಕೊಂಡು, ಎತ್ತಪ್ಪನ ಕಡೆ ತಿರುಗುತ್ತಾರೆ. "ನೋಡಪ್ಪ, ನಿನ್ನ ಹೆಂಡತಿ ಮಹಾ ಹಟಮಾರಿ. ನಾನು ಹೇಳಿದ್ರೂ ಅಲ್ಲಿ ನಿಲ್ಲಲಿಲ್ಲ. ಇನ್ನು ಬೇರೆ ಯಾರು ಹೇಳಿದ್ರೆ ನಿಲ್ತಾಳೆ? ಬಿಡಲಿ ತೆಪ್ಪ. ಆದ್ರೆ ಒಂದು ಮಾತು. ಮಧ್ಯಾಹ್ನದ ಮೇಲೆ ಜನ ಕೂರಿಸಕೂಡದು. ಇದು ನನ್ನ ಆರ್ಡರ್."

ತಮ್ಮ ಕಟ್ಟಳೆಯನ್ನೇ ತಮಗೆ ಹುಕುಂ ಮಾಡಿ ಕೊಟ್ಟದ್ದನ್ನು ಕೆಂಚಕ್ಕ ಎರಡೂ ಕೈ ಮುಗಿದು ತೆಗೆದುಕೊಳ್ಳುತ್ತಾರೆ. ನಗು ಕಾಣದಿರಲೆಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಾರೆ, ಕಣ್ಣಲ್ಲಿ ನೀರು ಬಂದದ್ದನ್ನು ಮಾತ್ರ ಮುಚ್ಚಲು ಆಗುವುದಿಲ್ಲ. ಜೀಪು ಹತ್ತುವ ಮುಂಚೆ ಎಂಜಿನಿಯರ ಹೆಂಡತಿ, ಶ್ರಾವಣದಲ್ಲಿ ಅತ್ತೆಯನ್ನು ಕರೆದುಕೊಂಡು ಬರುವುದಾಗಿ ಹೇಳುತ್ತಾರೆ.

ಜೀಪು ಮರೆಯಾದಮೇಲೆ ಎತ್ತಪ್ಪ ಬಲೆ ಬದಿಗಿಟ್ಟು ತಮಾಷೆಗೆ ಇಳಿಯುತ್ತಾರೆ. "ಒಂಚೂರು ಗಾಳಿ ಬಂದಿದ್ರೆ ಇನ್ನೂ ಚಂದ ಇರ್ತಿತ್ತು ಕಣೆ. ಸಾಹೇಬ್ರ ಮುಂದೆ ನಿನ್ನ ಮಾತು ನಿಜ ಆಗ್ತಿತ್ತು."

ಕೆಂಚಕ್ಕ ತೆಪ್ಪವನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾರೆ. ಸೊಂಟ ನೆಟ್ಟಗೆ ಮಾಡಿಕೊಂಡು ಗಂಡನನ್ನು ನೋಡುತ್ತಾರೆ.

"ಸುಮ್ಕಿರಪ್ಪ. ನನ್ನ ಮಾತು ನಿಜ ಆಗಬೇಕು ಅಂದ್ರೆ ನೀರ ಮ್ಯಾಲೆ ಯಾರಾನ ಗಾಳಿಗೆ ಸಿಕ್ಕಬೇಕಲ್ಲ. ದಿನಾ ಹಿಂಗೇ ಸುಳ್ಳಿ ಅನ್ನಿಸ್ಕಂತೀನಿ ಬಿಡು. ಎಲ್ರೂ ದಂಡೇಲಿ ಕುಂತು ಇಡ್ಲಿ ತಿಂದ್ರಲ್ಲ."