ಬೋರಲು ಲೋಟ

ಮೊನ್ನೆ ಸೊಸೆ ಅಟ್ಟದ ಡಬ್ಬಿ ಇಳಿಸಿ ಹಳೇ ಪಾತ್ರೆ ತೊಳೆದಳು. ಅದರಲ್ಲಿ ಕಂಠ ನೆಗ್ಗಿದ ಒಂದು ಸ್ಟೀಲ್ ಲೋಟ. ಕಂಡ ಕೂಡಲೇ ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟೆ. ಅದು ನಮ್ಮ ಮನೆಯ ಲೋಟ ಅಲ್ಲ...

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಗೋಡೆಗೆ ಗೋಡೆ ಹತ್ತಿದ ಮನೆ ಗೇಜಿನಣ್ಣನದು. ಕಾಲುವೆಯಲ್ಲಿ ನೀರು ಎಷ್ಟು ಅಡಿ ಐತಿ ಅಂತ ನೋಡಿ ಬರೆಯೋದು ಅವರ ಕೆಲಸ, ಅದಕ್ಕೆ ಆ ಹೆಸರು. ತೂಬಿನ ಸದ್ದಿನಲ್ಲಿ ನಿಂತು ನಿಂತು ಕಿವಿ ಮಂದವಾಗಿತ್ತು. ಎರಡೂ ಮನೆಗೆ ಅವರದೇ ಫೋನು. ಅದರ ತಂತಿಗೇ ಕಂಪ್ಯೂಟರ್ ಕಟ್ಟಿ ಇಂಟರ್ನೆಟ್ ತರಿಸಿದ್ದರು. ಲೈನ್ ಹತ್ತುವಾಗ ಮೋಡೆಮ್ ಡಬ್ಬಿ ಕುತ್ತಿಗೆ ಹಿಡಿದ ಕೋಳಿ ಹಂಗ ಕಿರುಚುತ್ತಿತ್ತು. ಇಂಟರ್ನೆಟ್ ಹತ್ತಿದರೆ ಫೋನ್ ಇಲ್ಲ. ಫೋನ್ ಎತ್ತಿದರೆ ಇಂಟರ್ನೆಟ್ ಕಡಿದು ಬೀಳುತ್ತಿತ್ತು.

ಮೊದಲಿಗೆ ಅವರ ಪಾಸ್‌ವರ್ಡ್ ಹೊಡೆದರೆ ಮಾತ್ರ ಲೈನು. ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ಫೋಟೋ ಕಳಿಸಿದರೆ, ಅವರು ಕಾಲುವೆಯಿಂದ ಬರೋತನಕ ನಾನು ಅವರ ಕಟ್ಟೆ ಕಾಯಬೇಕು. ಒಂದಿನ ಅಂದೇಬಿಟ್ಟೆ.

"ತೂಬಿನ ಕೀಲಿ ನಿಮ್ಮ ಉಡದಾರಕ್ಕ ಕಟ್ಕೊಂಡೀರೇನ್ರೀ?"

ನಕ್ಕರು. ಆ ವಾರವೇ ಪರದೆ ಮೇಲೆ ಫೋನಿನ ಸಣ್ಣ ಚಿತ್ರ ಇಟ್ಟರು. ಯಾರು ಒತ್ತಿದರೂ ಲೈನ್ ಹತ್ತೋದು, ಇನ್ನೊಮ್ಮೆ ಒತ್ತಿದರೆ ಬಿಡೋದು.

"ಇನ್ನ ನೀವೂ ಮಾಲಕ್ರ. ಆದ್ರ ಒಬ್ಬರು ಹಿಡಿದ ಲೈನ್ ಇನ್ನೊಬ್ಬರು ಕಡೀಬಾರ್ದು. ನಾನೂ ಕಡಿಯಂಗಿಲ್ಲ."

ಕಿವಿ ಕೇಳದವರಲ್ಲವೇ, ಅದಕ್ಕೊಂದು ಗುರುತು ಮಾಡಿದರು. ಫೋನಿನ ಪಕ್ಕ ಒಂದು ಲೋಟ. ಲೈನ್ ಹಿಡಿದವರು ಅದನ್ನು ಬೋರಲು ಹಾಕಬೇಕು, ಬಿಟ್ಟ ಮೇಲೆ ನೆಟ್ಟಗೆ ಇಡಬೇಕು. ಒಂದು ಫೋಟೋ ಇಳಿಯೋದಕ್ಕೆ ಅರ್ಧ ತಾಸು. ನಾನು ಚಿತ್ರ ಒತ್ತಿ, ಲೋಟ ಬೋರಲು ಹಾಕಿ, ಮನೆಗೆ ಬಂದು ಒಲೆ ನೋಡುತ್ತಿದ್ದೆ. ನಡುವೆ ಅವರಿಗೆ ಫೋನ್ ಬೇಕಾದರೆ ಗೋಡೆ ಬಡಿಯೋರು. ನಾನು ಹೋಗಿ ಬಿಟ್ಟುಕೊಡುತ್ತಿದ್ದೆ.

ಆ ಮಧ್ಯಾಹ್ನ ಅವರ ಹೆಂಡತಿ ಕಮಲಾಪುರದ ಸಂತೆಗೆ ಹೋಗಿದ್ದರು. ಗೇಜಿನಣ್ಣ ಹಿತ್ತಿಲ ಹೊರಸಿನ ಮೇಲೆ ಮಲಗಿದ್ದರು. ತಂಗಿಯ ಫೋಟೋ ಇಳೀತು, ನೋಡಿದೆ, ಲೈನ್ ಬಿಟ್ಟೆ. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ನಮ್ಮ ಮನೆಯಿಂದ. ಓಡಿದೆ.

ಸ್ವಲ್ಪ ಹೊತ್ತಿಗೆ ಗೋಡೆ ಬಡಿದ ಸದ್ದು. ಮೂರು ಸಲ.

ಒಲೆ ಒರೆಸುತ್ತಲೇ ಕೂಗಿದೆ, "ಖಾಲಿ ಐತ್ರೀ!"

ಮತ್ತೆ ಮೂರು. ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಖಾಲಿ ಐತಂದ್ನಲ್ರೀ, ಎತ್ರಿ!"

ಆಮೇಲೆ ಸದ್ದಿಲ್ಲ. ಎತ್ತಿದರು ಅಂದುಕೊಂಡೆ.

ಸಂತೆಯಿಂದ ಬಂದ ಹೆಂಡತಿ ಚೀರಿದಾಗ ಹೋದೆ. ಫೋನಿನ ಮುಂದಿನ ಕುರ್ಚಿಯಲ್ಲಿ ಕುಂತಲ್ಲೇ ಜೀವ ಹೋಗಿತ್ತು. ಎಡಗೈ ಎದೆ ಮೇಲೆ. ಬಲಗೈ ಮೇಜಿನ ಮೇಲೆ, ರಿಸೀವರಿನಿಂದ ನಾಲ್ಕು ಬೆರಳು ದೂರ. ನಡುವೆ ಲೋಟ... ಬೋರಲು.

ಅವರ ಹೆಂಡತಿ ಗಂಡನ ಮುಖ ಹಿಡಿದು ಅಳುತ್ತಿದ್ದರು. ನಾನು ಲೋಟ ನೆಟ್ಟಗೆ ಇಟ್ಟೆ. ಯಾರೂ ನೋಡಲಿಲ್ಲ.

ಹಾರ್ಟು ಅಂದರು ಡಾಕ್ಟರು. ಹದಿಮೂರು ದಿನವೂ ಆಕೆಯದು ಒಂದೇ ಮಾತು. "ಫೋನ್ ಮುಂದ ಇತ್ತಲ್ಲವ್ವಾ, ಯಾಕ ಎತ್ತಲಿಲ್ಲ?" ನಾನು ಅವಲಕ್ಕಿ ಕಲಸಿ ಕೊಡುತ್ತಿದ್ದೆ. ಕ್ವಾರ್ಟರ್ಸ್ ಬಿಡುವಾಗ ಆಕೆ ಪಾತ್ರೆ ಹಂಚಿದರು. ಆ ಲೋಟ ನನ್ನ ಪಾಲಿಗೇ ಬಂತು. ಬ್ಯಾಡ ಅನ್ನೋಕೆ ಏನಂತ ಹೇಳಲಿ? ಆಕೆಯೂ ಈಗಿಲ್ಲ. ಹೇಳಬೇಕಂದರೂ ಕೇಳೋರಿಲ್ಲ.

ದೆವ್ವ ಭೂತ ನಂಬೋಳಲ್ಲ ನಾನು. ಮೊನ್ನೆ ಲೋಟ ಒರೆಸಿ ಕಪಾಟಿನಲ್ಲಿ ನೆಟ್ಟಗೆ ಇಟ್ಟೆ. ಮಧ್ಯಾಹ್ನ ನೋಡಿದರೆ ಬೋರಲು. ಸೊಸೆಯನ್ನು ಕೇಳಿದೆ. "ನಾ ಮುಟ್ಟಿಲ್ಲ ಅತ್ತಿ, ಬಟ್ಟಿ ಒಗಿಯೋದ್ರಾಗ ಬಿದ್ದೀನಿ," ಅಂದಳು. ನೆಟ್ಟಗೆ ಮಾಡಿದೆ. ನಿನ್ನೆ ಮತ್ತೆ ಬೋರಲು.

ಈಗಿನ ಅಡುಗೆಮನೆ ಗೋಡೆಯ ಆಚೆ ಮನೆ ಇಲ್ಲ, ಜಾಲಿ ಬೆಳೆದ ಖಾಲಿ ಜಾಗ. ಇವತ್ತು ಹಾಲು ಕಾಯಿಸುವಾಗ ಆ ಗೋಡೆ ಬಡಿದಂಗಾಯಿತು. ಮೂರು ಸಲ.

ಈ ಸಲ ಕೂಗಲಿಲ್ಲ. ಹಾಲು ಉಕ್ಕಿದರೆ ಉಕ್ಕಲಿ ಅಂತ ಬಿಟ್ಟು, ಎದ್ದು ಹೋಗಿ ಲೋಟ ನೆಟ್ಟಗೆ ಇಟ್ಟೆ. ಅದರ ಮುಂದೆಯೇ ನಿಂತೆ, ಸದ್ದು ನಿಲ್ಲೋತನಕ.